ಒಳಗೆ ಬಿಟ್ಟ ಎರಡಿಂಚು

ಟೈಲರಮ್ಮ ಹೊಲಿದ ಬಟ್ಟೆ ಹರಿಯುವುದಕ್ಕೆ ಮೊದಲು ಹಾಕಿಕೊಂಡವರಿಗೇ ಬೇಸರ ಬರಬೇಕು ಎಂದು ಆ ಬೀದಿಯಲ್ಲಿ ಮಾತಿತ್ತು. ಇನ್ನೊಂದು ಮಾತೂ ಇತ್ತು: ಅವಳ ಕೊರಳಲ್ಲಿ ತೂಗುವ ಟೇಪು ಬರೀ ತೋರಿಕೆಗೆ, ಅಳತೆಯೆಲ್ಲ ಕಣ್ಣಲ್ಲೇ. ಗಿರಾಕಿ ಬಾಗಿಲು ದಾಟಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವಳ ಕಣ್ಣು ಭುಜ, ಎದೆ, ಸೊಂಟ ಮೂರನ್ನೂ ಸುತ್ತಿ ಬಂದಿರುತ್ತಿತ್ತು. ಒಂದು ಸಲ ಬ್ಯಾಂಕಿನ ಮೇಡಂ ಹೊಸ ಅಂಗಿ ಹೊಲಿಸಲು ಬಂದಾಗ, “ಮೇಡಂ, ಸೊಂಟ ಸ್ವಲ್ಪ ಸಡಿಲ ಬಿಡ್ತೀನಿ. ಇನ್ನೆರಡು ತಿಂಗಳಿಗೆ ಬೇಕಾಗತ್ತೆ” ಎಂದುಬಿಟ್ಟಿದ್ದಳು. ಮೇಡಂ ನಾಚಿ, “ನಮ್ಮನೆಯವರಿಗೇ ಇನ್ನೂ ಹೇಳಿಲ್ಲ ಕಣ್ರೀ, ನಿಮಗೆ ಹೇಗೆ ಗೊತ್ತಾಯ್ತು?” ಎಂದಿದ್ದರು. ಈ ಕಥೆಯನ್ನು ಟೈಲರಮ್ಮ ಹೊಸ ಗಿರಾಕಿಗಳಿಗೆಲ್ಲ ಒಂದು ಸಲವಾದರೂ ಹೇಳುತ್ತಿದ್ದಳು. ಬೇಡವೆಂದುಕೊಂಡರೂ ಬಾಯಿಗೆ ಬಂದುಬಿಡುತ್ತಿತ್ತು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಷಿನ್ನು, ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಊಟದ ಹೊತ್ತಿಗೆ ಬಟ್ಟೆ ಸರಿಸಿ ಅದೇ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದರು. “ಈ ಮನೇಲಿ ಅನ್ನದ ಜೊತೆ ಸೀಮೆಸುಣ್ಣ ತಿಂದೂ ತಿಂದೂ ನನ್ನ ಮೂಳೆ ಗಟ್ಟಿಯಾಗಿದೆ” ಎನ್ನುತ್ತಿದ್ದಳು ಅತ್ತೆ. ಆ ಮುದುಕಿಗೆ ಕಣ್ಣು ಮಂಜಾಗಿ ನಾಲ್ಕು ವರ್ಷ. ಆದರೂ ಕಿಟಕಿಯ ಕೆಳಗೆ ಕೂತು, ಬೆರಳಿನಲ್ಲೇ ತಡವಿ ಬಟನ್ ಹಚ್ಚುತ್ತಿದ್ದಳು; ಒಂದೂ ಸೊಟ್ಟಗಾಗುತ್ತಿರಲಿಲ್ಲ. ಗಂಡನಿಗೆ ಬೇಕರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನಕ್ಕೆ ಬರುವಾಗ ಅಂಚು ಮುರಿದ ಬನ್ನುಗಳ ಒಂದು ಪೊಟ್ಟಣ ತರುತ್ತಿದ್ದ. ಆ ಬನ್ನುಗಳ ಯಜಮಾನಿ ಮಗಳು.

ಮಗಳಿಗೆ ಮನೆಯಲ್ಲಿ ಬಟನ್ ಎಂದೇ ಹೆಸರು. ಮೂರು ವರ್ಷದವಳಿದ್ದಾಗ ಮೇಜಿನ ಮೇಲಿದ್ದ ಬಿಳಿ ಬಟನ್ ಒಂದನ್ನು ನುಂಗಿದ್ದಳು. ಕೇಳಿದರೆ, “ನಾನು ನುಂಗಿಲ್ಲ” ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಬೈದರೂ ಅದೇ, ಮುದ್ದಿಸಿದರೂ ಅದೇ. ಮೂರನೇ ದಿನ ಬಟನ್ನೇ ಹೊರಗೆ ಬಂದು ಸಾಕ್ಷಿ ಹೇಳಿತ್ತು. ಈಗ ಅವಳಿಗೆ ಹದಿನಾರು ತುಂಬಲು ಎರಡು ತಿಂಗಳಿತ್ತು.

ಶಾಲೆ ಶುರುವಾಗುವಾಗ ಟೈಲರಮ್ಮ ಮಗಳಿಗೆ ಎರಡು ಜೊತೆ ಯೂನಿಫಾರಂ ಹೊಲಿದಿದ್ದಳು. ಎರಡು ವರ್ಷ ಬರಲಿ ಎಂದು ಅಕ್ಕಪಕ್ಕದ ಹೊಲಿಗೆಯಲ್ಲಿ ಎರಡೆರಡು ಇಂಚು ಬಟ್ಟೆ ಒಳಗೆ ಮಡಿಸಿ ಬಿಟ್ಟಿದ್ದಳು. ಅಳತೆ ಹಿಡಿಯಲಿಲ್ಲ. ಮನೆಯ ಮಗಳಿಗೆ ಟೇಪು ಯಾಕೆ?

ಒಂದು ಭಾನುವಾರ ಇಸ್ತ್ರಿ ಮಾಡುವಾಗ ಅವಳ ಕೈ ನಿಂತಿತು. ಬಟ್ಟೆಯ ಪಕ್ಕದ ಹೊಲಿಗೆ ಮಷಿನ್ನಿನದಲ್ಲ, ಕೈಯದು. ಯಾರೋ ತನ್ನ ಹೊಲಿಗೆ ಬಿಚ್ಚಿ, ಒಳಗಿನಿಂದ ಒಂದಿಂಚು ಹೊರಗೆಳೆದು, ಮತ್ತೆ ಹೊಲಿದಿದ್ದರು.

“ಬಟನ್, ಇದನ್ನ ಬಿಚ್ಚಿದ್ದು ಯಾರೇ?”

“ನಾನೇ. ಬಿಗಿ ಆಗ್ತಿತ್ತು.”

“ನನಗೆ ಹೇಳಿದ್ರೆ ಬಾಯಿ ಸವೀತಿತ್ತಾ?”

“ನಿನಗೆ ಆರ್ಡರ್ ಇತ್ತಲ್ಲಮ್ಮ.”

ಟೈಲರಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಇರುವೆ ಸಾಲು ಹೊರಟಂತೆ ಹೊಲಿಗೆ; ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಸೂಜಿ ಹಿಡಿ ಎಂದರೆ ಮೂಗು ಮುರಿಯುತ್ತಿದ್ದ ಹುಡುಗಿ ಯಾವಾಗ ಕಲಿತಳು? ತಾಯಿಯ ಎದೆ ಉಬ್ಬಿತು. ಸಂಜೆ ಬಂದ ಇಬ್ಬರು ಗಿರಾಕಿಗಳಿಗೆ ಆ ಬಟ್ಟೆ ಬಿಡಿಸಿ ತೋರಿಸಿದಳು. “ನೋಡಿ, ನನ್ನ ಮಗಳ ಕೈ. ಹೇಳಿಕೊಟ್ಟಿದ್ದಲ್ಲ, ರಕ್ತದಲ್ಲೇ ಬಂದಿದ್ದು.”

ಹೊಲಿಗೆ ಎಷ್ಟು ಚೆಂದ ಎಂದು ನೋಡಿದಳೇ ಹೊರತು, ಯಾಕೆ ಬಿಚ್ಚಬೇಕಾಯಿತು ಎಂದು ನೋಡಲಿಲ್ಲ. ಮುಂದೆ ಎಷ್ಟೋ ದಿನ ಈ ಭಾನುವಾರ ಅವಳಿಗೆ ನೆನಪಾಗುತ್ತಿತ್ತು.

ಅದಾಗಿ ಎರಡು ವಾರಕ್ಕೆ ಊಟದ ಮೇಜಿನಲ್ಲಿ ಮಾತು ಬಂತು. ಬಟನ್ ಮೂರನೇ ಬನ್ನಿಗೆ ಕೈ ಹಾಕಿದ್ದಳು.

“ಸಾಕು ಬಿಡೇ” ಎಂದಳು ಟೈಲರಮ್ಮ. “ನಿಮ್ಮಪ್ಪ ತಂದು ಸುರೀತಾರೆ, ನೀನು ತಿಂದು ತಿಂದು ಬನ್ನೇ ಆಗ್ತಿದ್ದೀಯ.”

“ತಿನ್ನೋ ವಯಸ್ಸು ಕಣೇ, ತಿನ್ಲಿ” ಎಂದ ಗಂಡ. “ಇವತ್ತು ತಿಂದ್ರೆ ನಾಳೆ ಓದ್ತಾಳೆ.”

“ಬನ್ನು ತಿಂದು ಓದಿದ್ರೆ ನಿಮ್ಮ ಬೇಕರಿಯವರೆಲ್ಲ ಮೇಷ್ಟ್ರಾಗ್ಬೇಕಿತ್ತು.”

ಬಟನ್ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಹೋದ ದಿಕ್ಕಿಗೇ ಕಿವಿಯಿಟ್ಟಿದ್ದ ಅತ್ತೆ ಮೆಲ್ಲಗೆ ಹೇಳಿದಳು: “ಹುಡುಗಿ ನಡಿಯೋ ಸದ್ದು ಬೇರೆ ಆಗಿದೆ ಕಣೇ.”

“ಅಂದ್ರೆ?”

“ಹಿಮ್ಮಡಿ ಒತ್ತಿ ನಡೀತಾಳೆ. ನೀನು ಇವಳನ್ನ ಹೊತ್ತಿದ್ದಾಗ ಹಾಗೇ ನಡೀತಿದ್ದೆ.”

ಗಂಡ ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತು. ಟೈಲರಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು.

“ಅತ್ತೆ, ನಿಮಗೆ ಕಣ್ಣು ಹೋಗಿದೆ, ನಾಲಿಗೆ ಮಾತ್ರ ನೆಟ್ಟಗಿದೆ. ಬೆಳೆದ ಹುಡುಗಿ ಮೇಲೆ ಇಂಥ ಮಾತಾಡ್ತೀರಲ್ಲ. ಗೋಡೆಗೂ ಕಿವಿ ಇರತ್ತೆ. ನನ್ನ ಕಣ್ಣಿಗೆ ಬೀಳದ್ದು ನಿಮ್ಮ ಕಿವಿಗೆ ಬಿತ್ತಾ?”

“ಕೇಳಿದ್ದು ಹೇಳ್ದೆ, ಅಷ್ಟೇ.”

“ಇನ್ನೊಂದು ಸಲ ಹೇಳ್ಬೇಡಿ.”

ಮುದುಕಿ ಇನ್ನೊಂದು ಸಲ ಹೇಳಲಿಲ್ಲ.

ಆದರೂ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಮರುದಿನ ಮಗಳು ಬಚ್ಚಲಿನಲ್ಲಿದ್ದಾಗ ಟೈಲರಮ್ಮ ಬಾಗಿಲ ಹೊರಗೆ ನಿಂತು, “ತಿಂಗಳು ತಿಂಗಳು ಎಲ್ಲ ಸರಿಯಾಗಿದೆಯೇನೇ?” ಎಂದು ಕೇಳಿದಳು. ಒಳಗೆ ನೀರು ಸುರಿಯುವ ಸದ್ದು ನಿಂತಿತು.

“ಇದೆಯಮ್ಮ.”

“ಏನೂ ತೊಂದ್ರೆ ಇಲ್ಲ ತಾನೇ?”

“ಇಲ್ಲ ಅಂದ್ನಲ್ಲ.”

ಮತ್ತೆ ನೀರಿನ ಸದ್ದು ಶುರುವಾಯಿತು. ಟೈಲರಮ್ಮ ಉಸಿರು ಬಿಟ್ಟು ಮಷಿನ್ನಿಗೆ ಹಿಂದಿರುಗಿದಳು. ಬಾಗಿಲು ತೆರೆಯುವವರೆಗೆ ಕಾದು ಮುಖ ನೋಡಿ ಕೇಳಬಹುದಿತ್ತು. ಮುಚ್ಚಿದ ಬಾಗಿಲಿಗೆ ಕೇಳಿದ್ದೇ ಒಳ್ಳೆಯದಾಯಿತು ಎನ್ನಿಸಿತೋ ಏನೋ.

ಅಲ್ಲಿಂದ ಮನೆಯಲ್ಲಿ ಹೊಸ ಕಟ್ಟುಪಾಡು ಬಂತು. ಗಂಡ ಬನ್ನು ತರುವುದು ನಿಂತಿತು. ಬಟನ್‌ಗೆ ರಾತ್ರಿ ಅನ್ನವಿಲ್ಲ, ಅರ್ಧ ಸೌತೆಕಾಯಿ, ಒಂದು ಲೋಟ ಮಜ್ಜಿಗೆ. ಬೆಳಿಗ್ಗೆ ಹಿತ್ತಲಿನಲ್ಲಿ ಐವತ್ತು ಸಲ ಹಗ್ಗದಾಟ. ಟೈಲರಮ್ಮ ಹಲ್ಲುಜ್ಜುತ್ತ ಎಣಿಸುತ್ತಿದ್ದಳು. ಹುಡುಗಿ ಮೂವತ್ತಕ್ಕೇ ಏದುಸಿರು ಬಿಡುತ್ತಿದ್ದಳು. “ಇನ್ನಿಪ್ಪತ್ತು” ಎನ್ನುತ್ತಿದ್ದಳು ತಾಯಿ. ಬಟನ್ ಇನ್ನಿಪ್ಪತ್ತು ಹಾರುತ್ತಿದ್ದಳು. ಒಂದು ದಿನವೂ ಎದುರಾಡಲಿಲ್ಲ. ಕದ್ದು ತಿನ್ನಲಿಲ್ಲ. ಹಗ್ಗ ಹಾರಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳೂ ನಂಬಿದವಳಂತೆ ಹಾರುತ್ತಿದ್ದಳು.

ಕೆನ್ನೆ ಇಳಿಯಿತು, ಮೊಣಕೈ ಚೂಪಾಯಿತು. “ನೋಡಿ, ಇಳೀತಿದ್ದಾಳೆ” ಎಂದು ಟೈಲರಮ್ಮ ಗಂಡನಿಗೆ ಹೇಳಿದಳು. ಅದೇ ವಾರ ಯೂನಿಫಾರಮ್ಮಿನಲ್ಲಿ ಉಳಿದಿದ್ದ ಇನ್ನೊಂದಿಂಚೂ ಹೊರಬಂದಿತ್ತು. ಅದನ್ನು ಆಮೇಲೆ ನೋಡಿದರು.

ಅದೊಂದು ಗುರುವಾರ. ಇನ್ನೊಂದು ಶಾಲೆಯ ನಲವತ್ತು ಲಂಗಗಳನ್ನು ಸಂಜೆಗೆ ಮುಗಿಸಿ ಕೊಡಬೇಕಿತ್ತು. ಬಟನ್ ಹೊಟ್ಟೆನೋವೆಂದು ಶಾಲೆಗೆ ಹೋಗಿರಲಿಲ್ಲ. “ಪರೀಕ್ಷೆ ಬಂತಲ್ಲ, ಹೊಟ್ಟೆಗೂ ಗೊತ್ತಾಗಿದೆ” ಎಂದು ಟೈಲರಮ್ಮ ಬಿಸಿನೀರು ಕೊಟ್ಟು ಮಷಿನ್ನಿಗೆ ಕೂತಳು. ಹತ್ತು ಗಂಟೆಯ ಸುಮಾರಿಗೆ ಹುಡುಗಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಮಷಿನ್ನು ಓಡುತ್ತಲೇ ಇತ್ತು. ಹದಿನೇಳನೇ ಲಂಗ, ಹದಿನೆಂಟನೇದು.

“ಮಷಿನ್ ನಿಲ್ಸೇ” ಎಂದಳು ಅತ್ತೆ.

“ಇನ್ನೊಂದು ನೆರಿಗೆ ಅತ್ತೆ—”

“ನಿಲ್ಸು ಅಂದೆ. ನಿಲ್ಸಿ ಕೇಳು.”

ಟೈಲರಮ್ಮ ಕಾಲು ತೆಗೆದಳು. ಮಷಿನ್ನಿನ ಸದ್ದಡಗಿದ ಮೇಲೆ ಬಚ್ಚಲಿನಿಂದ ಕೇಳಿಸಿತು. ಕೂಗಲ್ಲ, ಅಳುವಲ್ಲ; ಬಾಯೊಳಗೆ ಬಟ್ಟೆ ತುರುಕಿಕೊಂಡು ನರಳುವ ಸದ್ದು. ಬಾಗಿಲಿಗೆ ಅಗಳಿ ಹಾಕಿತ್ತು. ಟೈಲರಮ್ಮ ಹೆಗಲು ಕೊಟ್ಟು ನೂಕಿದಳು. ಹಿಂದೆ ಗೋಡೆ ತಡವುತ್ತ ಬಂದ ಅತ್ತೆ ಅವಳನ್ನು ಪಕ್ಕಕ್ಕೆ ಸರಿಸಿ ಒದ್ದೆ ನೆಲದಲ್ಲಿ ಮಂಡಿಯೂರಿದಳು. ಬಟನ್ ಹಚ್ಚುವ ಅದೇ ಬೆರಳುಗಳು ತಡವಿ ತಿಳಿದುಕೊಂಡವು.

“ತಲೆ ಬಂದಿದೆ. ಆಂಬುಲೆನ್ಸಿಗೆ ಫೋನ್ ಮಾಡು. ಬಟನ್, ನನ್ನ ಕೈ ಹಿಡ್ಕೋ ಪುಟ್ಟ.”

“ಅಜ್ಜಿ, ನನಗೇನೂ ಆಗಿಲ್ಲ” ಎಂದಳು ಹುಡುಗಿ. “ಹೊಟ್ಟೆನೋವು ಅಷ್ಟೇ. ಅಮ್ಮಂಗೆ ಹೇಳು, ಹೊಟ್ಟೆನೋವು ಅಷ್ಟೇ.”

ಅಮ್ಮ ಎರಡು ಮಾರು ದೂರದಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಫೋನಿತ್ತು, ಕೊರಳಲ್ಲಿ ಟೇಪಿತ್ತು.

ಆಂಬುಲೆನ್ಸು ಬರುವ ಮೊದಲೇ ಮಗು ಬಂತು. ಹೆಣ್ಣು. ಅತ್ತೆಯ ಎರಡು ಅಂಗೈಯಲ್ಲಿ ಇಡೀ ಮಗು ಹಿಡಿಯುತ್ತಿತ್ತು. ಅದು ಅತ್ತಿತು ಎನ್ನುವುದಕ್ಕಿಂತ ಕೀಚಲಿಟ್ಟಿತು ಎನ್ನಬೇಕು. ಕೈಗೆ ಸಿಕ್ಕಿದ ಹೊಸ ಲಂಗದಲ್ಲೇ ಅದನ್ನು ಸುತ್ತಿದರು.

ಆಸ್ಪತ್ರೆಯಲ್ಲಿ ಬಟನ್‌ಳನ್ನು ಒಂದು ಕಡೆಗೂ ಮಗುವನ್ನು ಇನ್ನೊಂದು ಕಡೆಗೂ ಕರೆದೊಯ್ದರು. ಹುಡುಗಿಯ ರಕ್ತದ ಒತ್ತಡ ಏರಿ ಎರಡು ದಿನ ಏನಾಗುವುದೋ ಎನ್ನುವಂತಿತ್ತು. ಮಗು ಒಂದು ಕಿಲೋ ನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಡಾಕ್ಟರಮ್ಮ ಕಾಗದ ಹಿಡಿದುಕೊಂಡು ಗಂಡಹೆಂಡತಿಯನ್ನು ಕೂರಿಸಿದರು.

“ಒಂದು ಸಲಾನೂ ತಪಾಸಣೆ ಮಾಡಿಸಿಲ್ವಾ?”

“ಗೊತ್ತೇ ಇರ್ಲಿಲ್ಲ ಡಾಕ್ಟ್ರೇ.”

“ಏಳು ತಿಂಗಳು ದಾಟಿದೆ. ತಾಯಿ ನೀವು, ಗೊತ್ತೇ ಆಗ್ಲಿಲ್ವಾ?” ಅವರ ದನಿಯಲ್ಲಿ ಕೋಪಕ್ಕಿಂತ ದಣಿವಿತ್ತು. “ಹುಡುಗಿಗೆ ರಕ್ತ ತೀರಾ ಕಮ್ಮಿ. ಮಗುನೂ ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ. ಮನೇಲಿ ಊಟ ಸರಿಯಾಗಿ ಮಾಡ್ತಿದ್ಲಾ?”

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು.

ಹುಡುಗಿಯ ವಯಸ್ಸು ನೋಡಿ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಬಂದ ಪೊಲೀಸ್ ಹೆಂಗಸು ಸಮವಸ್ತ್ರದಲ್ಲಿರಲಿಲ್ಲ. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಬಹಳ ಹೊತ್ತು ಮೆಲ್ಲಗೆ ಕೇಳಿದರು. ಕೊನೆಗೆ ಬಟನ್ ಹೇಳಿದ್ದು ಇಷ್ಟು: ಸಂಜೆ ಮನೆಪಾಠಕ್ಕೆ ಜೊತೆಯಲ್ಲಿ ಬರುತ್ತಿದ್ದ ಹುಡುಗ, ತನ್ನಷ್ಟೇ ವಯಸ್ಸು. ಅವನ ಮನೆಯವರು ಈಗ ಊರಿನಲ್ಲಿಲ್ಲ.

“ನಿನಗೆ ಗೊತ್ತಿತ್ತಲ್ಲಮ್ಮ. ಯಾರಿಗಾದ್ರೂ ಯಾಕೆ ಹೇಳ್ಲಿಲ್ಲ?”

“ಯೋಚನೆ ಮಾಡದೇ ಇದ್ರೆ ಇರಲ್ಲ ಅಂದ್ಕೊಂಡಿದ್ದೆ.”

“ಈಗ ಮಗು ನೋಡ್ತೀಯಾ?”

“ಯಾವ ಮಗು?” ಎಂದು ಬಟನ್ ಗೋಡೆಗೆ ತಿರುಗಿ ಮಲಗಿದಳು. “ಅದು ನಂದಲ್ಲ.”

ಮೂರನೇ ದಿನ ಮಕ್ಕಳ ವಾರ್ಡಿನ ನರ್ಸು ಟೈಲರಮ್ಮನನ್ನು ಹುಡುಕಿಕೊಂಡು ಬಂದಳು. ಮಾತು ಒರಟು, ಕೈ ಮೃದು ಎನ್ನುವಂಥ ಹೆಂಗಸು.

“ಅಜ್ಜಿ ನೀವೇನಾ? ಮಗುನ ದಿನಕ್ಕೆ ನಾಲ್ಕು ಗಂಟೆ ಎದೆಗೊತ್ತಿ ಹಿಡ್ಕೋಬೇಕು. ಮೈಗೆ ಮೈ ತಾಗಿದ್ರೆ ಉಸಿರು ಸರಿ ಬರತ್ತೆ. ತಾಯಿ ಒಲ್ಲೆ ಅಂತಾಳೆ. ನೀವು ಬರ್ತೀರೋ, ನಾನೇ ಹಿಡ್ಕೊಂಡು ಕೂತ್ಕೊಳ್ಳೋ?”

ಟೈಲರಮ್ಮ ಹೋದಳು. ರವಿಕೆಯ ಗುಂಡಿ ಬಿಚ್ಚಿ ಎದೆಯ ಮೇಲೆ ಮಲಗಿಸಿಕೊಂಡಾಗ ಭಾರವೇ ಗೊತ್ತಾಗಲಿಲ್ಲ. ಒಂದು ರೀಲು ದಾರದಷ್ಟೂ ಇಲ್ಲವಲ್ಲ ಎನ್ನಿಸಿತು. ಆಮೇಲೆ ಶಾಖ ತಿಳಿಯಿತು. ಮಗುವಿನ ಬೆರಳು ಅವಳ ಕೊರಳಿನ ಟೇಪಿನ ತುದಿ ಹಿಡಿದು ಬಿಡಲೇ ಇಲ್ಲ.

“ಇಷ್ಟು ಚಿಕ್ಕ ಅಂಗಿ ಅಂಗಡೀಲಿ ಸಿಗಲ್ಲ” ಎಂದಳು ನರ್ಸು. “ಹೊಲಿಗೆಯವರು ಅಂತ ಕೇಳ್ದೆ. ಮುಂದೆ ಪೂರ್ತಿ ಬಿಚ್ಚೋ ಹಾಗೆ ಇರ್ಲಿ, ಒಳಗೆ ಹೊಲಿಗೆ ತಾಗ್ಬಾರ್ದು.”

ಇಷ್ಟು ವರ್ಷ ಕಣ್ಣಳತೆಯಲ್ಲಿ ಕತ್ತರಿಸಿದವಳು ಅವತ್ತು ಟೇಪು ಬಿಡಿಸಿದಳು. ಎದೆ, ಉದ್ದ, ತೋಳು. ಒಂದು ಸಲ ಹಿಡಿದು ನಂಬಿಕೆ ಬಾರದೆ ಇನ್ನೊಂದು ಸಲ ಹಿಡಿದಳು. ಮನೆಗೆ ಬಂದು, ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಎರಡು ಅಂಗಿ ಹೊಲಿದಳು. ಹೊಲಿಗೆಯನ್ನೆಲ್ಲ ಹೊರಗೆ ಬಿಟ್ಟಳು.

“ಬಟನ್ ಬೇಡ, ಚುಚ್ಚತ್ತೆ, ಲಾಡಿ ಹಾಕು” ಎಂದಳು ಅತ್ತೆ. ಆಮೇಲೆ, “ನಾನೂ ಒಂದು ಸಲ ಹೇಳಿ ಸುಮ್ನಾದೆ. ಎರಡನೇ ಸಲ ಹೇಳ್ಬೇಕಿತ್ತು” ಎಂದಳು.

“ಹೇಳ್ಬೇಡಿ ಅಂದೋಳು ನಾನಲ್ವಾ ಅತ್ತೆ.”

“ನೀನು ಅಂದ್ರೆ ನಾನು ಕೇಳ್ಬೇಕಾ? ಇಷ್ಟು ವರ್ಷ ಯಾವ ಮಾತು ಕೇಳಿದೀನಿ ನಿಂದು?”

ಇಬ್ಬರಿಗೂ ನಗು ಬರುವಂತಾಗಿ, ಬರಲಿಲ್ಲ.

ಗಂಡ ಕೆಲಸ ಮುಗಿಸಿ ದಿನವೂ ಬನ್ನಿನ ಪೊಟ್ಟಣ ಹಿಡಿದು ಆಸ್ಪತ್ರೆಗೆ ಬರತೊಡಗಿದ. ಈಗ ಮುರಿದವಲ್ಲ, ದುಡ್ಡು ಕೊಟ್ಟು ತಂದ ಇಡೀ ಬನ್ನುಗಳು. ಮಗಳ ಮಂಚದ ಪಕ್ಕ ಇಟ್ಟು, “ತಿನ್ನು ತಾಯಿ” ಎನ್ನುತ್ತಿದ್ದ. ಬಟನ್ ಮುಟ್ಟುತ್ತಿರಲಿಲ್ಲ. “ದಪ್ಪ ಆಗ್ತೀನಿ” ಎಂದಳು ಒಂದು ದಿನ. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿ ಬಂದಾಗ ಎದ್ದು ನಿಂತು ಹೇಳಿದ:

“ನಲವತ್ತು ಮನೆ ಹೆಂಗಸ್ರ ಸೊಂಟ ನಿಂಗೆ ಬಾಯಿಪಾಠ. ನಮ್ಮ ಮನೇದು ಕಾಣ್ಲಿಲ್ವಾ?”

“ನಿಮಗೆ ಕಾಣ್ತಾ?”

“ನಾನು ಹಿಟ್ಟು ಕಲಸೋನು ಕಣೇ. ನೀನು ಅಳತೆ ನೋಡೋಳು.”

ಆಡಿದ ಮೇಲೆ ಅವನಿಗೇ ಸಮಾಧಾನವಾದಂತೆ ಕಾಣಲಿಲ್ಲ. ಪೊಟ್ಟಣವನ್ನು ಅವಳ ಕೈಗಿಟ್ಟು, “ನೀನಾದ್ರೂ ತಿನ್ನು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎಂದ.

ಮಗು ಒಂಬತ್ತು ದಿನ ಬದುಕಿತ್ತು. ಎಂಟನೇ ದಿನ ಮಧ್ಯಾಹ್ನ ಬಟನ್ ಗಾಲಿಕುರ್ಚಿಯಲ್ಲಿ ಆ ವಾರ್ಡಿನ ಬಾಗಿಲವರೆಗೆ ಬಂದಿದ್ದಳಂತೆ, ಗಾಜಿನಾಚೆಯಿಂದ ನೋಡಿ ಏನೂ ಕೇಳದೆ ಹಿಂದಿರುಗಿದಳಂತೆ. ನರ್ಸು ಹೇಳಿದ್ದು. ಒಂಬತ್ತನೇ ದಿನ ಬೆಳಿಗ್ಗೆ ಟೈಲರಮ್ಮ ಎರಡನೇ ಅಂಗಿಯನ್ನು ಇಸ್ತ್ರಿ ಮಾಡಿ ತೆಗೆದುಕೊಂಡು ಹೋದಾಗ ಗಾಜಿನ ಪೆಟ್ಟಿಗೆ ಖಾಲಿಯಿತ್ತು. ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಎರಡನೇ ಅಂಗಿಯನ್ನು ಆಗ ತೊಡಿಸಿದಳು. ಅಳತೆ ಸರಿಯಾಗಿತ್ತು.

ಕಾಗದದಲ್ಲಿ ಹೆಸರಿನ ಜಾಗಕ್ಕೆ ಗುಮಾಸ್ತ ‘ಮಗು’ ಎಂದಷ್ಟೇ ಬರೆದ. ಗಂಡ ಸಹಿ ಹಾಕಿದ. ಊರಾಚೆಯ ಮಣ್ಣಿನಲ್ಲಿ ಅವನೂ ಅವಳೂ ಇಬ್ಬರೇ ನಿಂತು ಮುಗಿಸಿ ಬಂದರು. ಬಟನ್‌ಗೆ ಹೇಳಿದಾಗ, “ಹೂಂ” ಎಂದಳು. “ನಾಳೆ ಮನೆಗೆ ಬಿಡ್ತಾರಾ?” ಎಂದು ಕೇಳಿದಳು.

ಮನೆಗೆ ಬಂದ ಮೇಲೆ ಆರು ವಾರ ಕಳೆದವು. ಬೀದಿಗೆ ವಿಷಯ ತಿಳಿಯದೆ ಇರಲಿಲ್ಲ. ಬಾಗಿಲಲ್ಲಿ ಆಂಬುಲೆನ್ಸು ನಿಂತ ಮೇಲೆ ಮುಚ್ಚಿಡುವುದೇನಿದೆ? ಮೂಲೆಮನೆಯ ಹೆಂಗಸು ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೇಳಲು ಬಂದು, “ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಸುಳ್ಳಲ್ಲ ನೋಡಿ” ಎಂದಳು. ಟೈಲರಮ್ಮ ಬಟ್ಟೆ ಮಡಿಸಿ ಕೊಟ್ಟಳು. ಬ್ಯಾಂಕಿನ ಮೇಡಂ ಮಾತ್ರ ಕೂಸನ್ನು ಎತ್ತಿಕೊಂಡು ಬಂದು, ಏನೂ ಕೇಳದೆ ಎರಡು ದಿಂಬಿನ ಚೀಲ ಹೊಲಿಯಲು ಕೊಟ್ಟು ಹೋದರು. ಶಾಲೆಯ ದೊಡ್ಡ ಮೇಡಂ, ಉಳಿದ ಹೆಣ್ಣುಮಕ್ಕಳ ಹಿತಕ್ಕಾಗಿ, ಹುಡುಗಿ ಮನೆಯಲ್ಲೇ ಓದಿ ಪರೀಕ್ಷೆಗಷ್ಟೇ ಬರಲಿ ಎಂದರು. ಯೂನಿಫಾರಂ ಕಡ್ಡಾಯ ಎಂದೂ ಹೇಳಿದರು.

ಬಟನ್ ಓದುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಹಾಕಿದ್ದಷ್ಟು ತಿನ್ನುತ್ತಿದ್ದಳು. ಅಳಲಿಲ್ಲ. ಆಸ್ಪತ್ರೆಯ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದಳು. “ಅಳ್ಬೇಕು ಕಣೇ ಅವಳು” ಎಂದಳು ಅತ್ತೆ. ಒಂದೇ ಸಲ ಹೇಳಲಿಲ್ಲ, ದಿನವೂ ಹೇಳಿದಳು.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಬೆಳಿಗ್ಗೆ ಟೈಲರಮ್ಮ ಯೂನಿಫಾರಂ ತೆಗೆದಳು. ಈಗ ಅದು ಮಗಳ ಮೈಮೇಲೆ ಗೋಣಿಚೀಲದಂತೆ ತೂಗುತ್ತಿತ್ತು. ಆ ಇರುವೆ ಸಾಲಿನ ಹೊಲಿಗೆಗೆ ಬ್ಲೇಡು ಇಟ್ಟಳು, ಕೈ ಓಡಲಿಲ್ಲ. ಬಟನ್ ಬಂದು ಬ್ಲೇಡು ತೆಗೆದುಕೊಂಡು ತಾನೇ ಬಿಚ್ಚಿದಳು.

“ನಿಲ್ಲು, ಅಳತೆ ಹಿಡಿತೀನಿ” ಎಂದಳು ಟೈಲರಮ್ಮ.

“ಟೇಪಾ? ನಂಗಾ?”

“ಹೂಂ. ಕೈ ಎತ್ತು.”

ಟೇಪು ಸುತ್ತಲು ಟೈಲರಮ್ಮನ ಎರಡೂ ತೋಳು ಮಗಳನ್ನು ಬಳಸಿದವು. ಹುಡುಗಿಯ ಉಸಿರು ಅವಳ ನೆತ್ತಿಗೆ ತಾಗಿತು. “ಬರ್ಕೋ” ಎಂದಳು. ಬಟನ್ ತಾಯಿ ಕಣ್ಣಳತೆಗಳನ್ನೆಲ್ಲ ಬರೆದಿಡುತ್ತಿದ್ದ ಉದ್ದನೆಯ ಪುಸ್ತಕವನ್ನು ಮೇಜಿನಿಂದ ತೆಗೆದು ಹಾಳೆ ಮಗುಚಿದಳು. ಅದರಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ: ಬ್ಯಾಂಕ್ ಮೇಡಂ, ಮೂಲೆಮನೆ, ಉದ್ದ ತೋಳಿನ ಮೇಷ್ಟ್ರು. ಕೊನೆಯ ಹಾಳೆಯಲ್ಲಿ ಅವಳ ಬೆರಳು ನಿಂತಿತು.

ಎದೆ ಒಂಬತ್ತೂವರೆ. ಉದ್ದ ಆರು. ತೋಳು ಮೂರು. ಮೇಲೆ ಏನೂ ಬರೆದಿರಲಿಲ್ಲ.

“ಅಮ್ಮ, ಇದು ಯಾರದ್ದು?”

ಯಾರೋ ಗಿರಾಕಿ ಮಗೂದು ಎನ್ನುವ ಮಾತು ಟೈಲರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಬಟನ್ ತಲೆಯಾಡಿಸಿ ಹಾಳೆ ಮಗುಚುತ್ತಿದ್ದಳು. ಇಬ್ಬರಿಗೂ ಅದೇ ಸುಲಭವಾಗಿತ್ತು, ಎಷ್ಟೋ ತಿಂಗಳಿನಿಂದ ಅದೇ ಸುಲಭವಾಗಿತ್ತು.

“ನಿನ್ನ ಮಗಳದ್ದು” ಎಂದಳು.

ಬಟನ್ ಅಂಕಿಗಳನ್ನೇ ನೋಡುತ್ತ ನಿಂತಳು. ಟೇಪು ಎತ್ತಿಕೊಂಡು ಒಂಬತ್ತೂವರೆ ಎಣಿಸಿ, ಆ ಗುರುತಿನಲ್ಲಿ ಹಿಡಿದು, ಒಂದು ಸುತ್ತು ಮಾಡಿದಳು. ಅವಳ ಅಂಗೈಯಲ್ಲಿ ದೊಡ್ಡದೊಂದು ಬಳೆಯಷ್ಟು ಜಾಗವಾಯಿತು.

“ಇಷ್ಟೇನಾ?”

“ಇಷ್ಟೇ.”

“ಮೇಲೆ ಬರೆದೇ ಇಲ್ಲ.”

“ಏನಂತ ಬರೀಲಿ ಹೇಳು.”

ಹುಡುಗಿ ಪೆನ್ಸಿಲು ತೆಗೆದುಕೊಂಡಳು. ಅಂಕಿಗಳ ಮೇಲೆ, ತನ್ನ ಹೊಲಿಗೆಯಷ್ಟೇ ಸಣ್ಣ ದುಂಡಕ್ಷರದಲ್ಲಿ, ‘ಬಟನ್ ಮಗಳು’ ಎಂದು ಬರೆದಳು. ಬರೆದು ಮುಗಿಸಿದಾಗ ಅವಳ ಬಾಯಿಂದ ಒಂದು ಸದ್ದು ಹೊರಟಿತು. ಅವತ್ತು ಬಚ್ಚಲಿನಲ್ಲಿ ಬಟ್ಟೆ ತುರುಕಿ ತಡೆದಿಟ್ಟ ಸದ್ದೇ ಅದು. ಈಗ ತಡೆಯಲು ಏನೂ ಇರಲಿಲ್ಲ.

ಕಿಟಕಿಯ ಕೆಳಗೆ ಅತ್ತೆ ಸೂಜಿ ಕೆಳಗಿಟ್ಟಳು. ಟೈಲರಮ್ಮ ಮಗಳನ್ನು ಎದೆಗೊತ್ತಿ ಹಿಡಿದುಕೊಂಡು ನೆಲದ ಮೇಲೆ ಕೂತಳು.

ಹೊರಗೆ ಯಾರೋ ಗಿರಾಕಿ ಬಾಗಿಲು ತಟ್ಟಿ, “ಟೈಲರಮ್ಮ, ಇದ್ದೀರಾ?” ಎಂದು ಕೂಗಿದರು. ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ ಅವಳು.

“ಇವತ್ತು ಆಗಲ್ಲ” ಎಂದಳು. “ನಾಳೆ ಬನ್ನಿ.”